ಮಂಗಳದ ಕಲ್ಲಿನ ಫೋಟೋ ಓದೋದು ಹೇಗೆ? ಮೊದ್ಲು ತೋಟದ ಹೊಂಡ ನೋಡಿ

ಮಂಗಳ ಗ್ರಹದ ಮೇಲೆ ಓಡಾಡೋ ಪರ್ಸಿವರೆನ್ಸ್ ರೋವರ್ ಕಳಿಸೋ ಫೋಟೋಗಳನ್ನ ನಾಸಾದವ್ರು ವೆಬ್‌ಸೈಟಲ್ಲಿ ಹಾಗ್ಹಾಗೇ ಹಾಕ್ತಾರೆ, ದುಡ್ಡು ಕೊಡಬೇಕಿಲ್ಲ, ಯಾರು ಬೇಕಾದ್ರೂ ನೋಡಬಹುದು. ಆದ್ರೆ ತುಂಬಾ ಜನ ಒಂದೆರಡು ನೋಡಿ ಬರೀ ಕೆಂಪು ಕಲ್ಲು ಅಂತ ಮುಚ್ಚಿಬಿಡ್ತಾರೆ, ನಂಗೆ ಬೇಜಾರಾಗುತ್ತೆ. ಮಲ್ನಾಡಲ್ಲಿ ಇರೋರಿಗೆ ಆ ಕಲ್ಲು ಓದೋದು ನಿಜವಾಗ್ಲೂ ಸುಲಭ, ನೀರು ಮಣ್ಣನ್ನ ಏನು ಮಾಡುತ್ತೆ ಅಂತ ಮಳೆಗಾಲ ಪೂರ್ತಿ ಕಣ್ಣೆದುರೇ ನೋಡ್ತಿರ್ತೀವಲ್ಲ.

ಶುರು ಮಾಡೋಕೆ ಕೋಡಿಯಾಕ್ ಅನ್ನೋ ಗುಡ್ಡದ ಫೋಟೋ ಹುಡುಕಿ. ರೋವರ್ 2021ರ ಫೆಬ್ರವರಿ 18ಕ್ಕೆ ಇಳಿದಿದ್ದು ಜೆಝೆರೋ ಕುಳಿಯಲ್ಲಿ, ಅದು 45 ಕಿಮೀ ಅಗಲ, ಸುಮಾರು 350 ಕೋಟಿ ವರ್ಷದ ಹಿಂದೆ ಅಲ್ಲಿ ಕೆರೆ ಇತ್ತು, ಪಶ್ಚಿಮದಿಂದ ಒಂದು ನದಿ ಬಂದು ಸೇರ್ತಿತ್ತು. ಕೋಡಿಯಾಕ್ ಆ ನದಿ ಹಾಕಿದ ಮರಳಲ್ಲಿ ಉಳ್ಕೊಂಡ ಒಂದು ತುಂಡು, ಸುತ್ತಲಿಂದು ಸವೆದು ಹೋಗಿದೆ. ರೋವರ್ ಎರಡು ಕಿಮೀಗೂ ಜಾಸ್ತಿ ದೂರದಿಂದಲೇ ಅದನ್ನ ತೆಗೆದಿದೆ, ಆದ್ರೂ ಪದರ ಎಲ್ಲಾ ನಿಚ್ಚಳವಾಗಿ ಕಾಣುತ್ತೆ.

ಈಗ ಫೋಟೋ ಪಕ್ಕಕ್ಕಿಟ್ಟು ತೋಟಕ್ಕೆ ಹೋಗಿ. ಅಗಳಿನ (ತೋಟದ ಕಾಲುವೆಯ) ನೀರು ಹೊಂಡಕ್ಕೆ ಬೀಳೋ ಜಾಗದಲ್ಲಿ ಮರಳು ನಾಲಿಗೆ ಚಾಚಿದ ಹಾಗೆ ಕೂತಿರುತ್ತೆ. ಮಳೆ ಹೊಳವಾಗಿ ನೀರು ಇಳಿಯೋವರೆಗೆ ಕಾಯಿರಿ, ಮರಳು ಇನ್ನೂ ಒದ್ದೆ ಇರೋವಾಗ್ಲೇ ಕತ್ತಿ ತಗೊಂಡು ನೀರು ಹರಿದ ದಿಕ್ಕಿಗೇ ಉದ್ದಕ್ಕೆ ಕೊಯ್ಯಿರಿ, ಅಡ್ಡಕ್ಕೆ ಕೊಯ್ದ್ರೆ ಓರೆ ಕಾಣಲ್ಲ. ನಾನು ಕೊಯ್ದಾಗ ಒಂದು ಗೇಣು ಎತ್ತರದಲ್ಲೇ ಮೂರು ಥರ ಇತ್ತು, ಮೇಲೆ ದಪ್ಪ ಮರಳು ಮಟ್ಟಸವಾಗಿ, ನಡುವೆ ಹೊಂಡದ ಕಡೆ ಜಾರಿದ ಓರೆ ಪದರ, ತಳದಲ್ಲಿ ನುಣ್ಣನೆ ಗೋಡು ಮಣ್ಣು ಮತ್ತೆ ಮಟ್ಟಸ. ಓರೆ ಪದರದ ಮಧ್ಯೆ ಒಂದು ಅಡಿಕೆ ಸಿಪ್ಪೆ, ಅದೂ ಓರೆಯಾಗೇ ಸಿಕ್ಕಾಕ್ಕೊಂಡಿತ್ತು.

ಹರಿಯೋ ನೀರು ನಿಂತ ನೀರಿಗೆ ಸೇರಿದ ತಕ್ಷಣ ಅದರ ಜೋರು ಹೋಗುತ್ತೆ, ದಪ್ಪ ಮರಳು ಅಂಚಲ್ಲೇ ಬಿದ್ದು ಇಳಿಜಾರಲ್ಲಿ ಜಾರುತ್ತೆ, ನುಣ್ಣಗಿರೋದು ತೇಲಿ ಮುಂದೆ ಹೋಗಿ ತಳಕ್ಕೆ ಕೂರುತ್ತೆ. ಮೇಲಿನ ಮಟ್ಟಸ ಪದರ ಮುಗಿದು ಓರೆ ಶುರುವಾಗೋ ಜಾಗ ಇದ್ಯಲ್ಲ, ಹೆಚ್ಚುಕಮ್ಮಿ ಅದೇ ಆವತ್ತಿನ ನೀರಿನ ಮಟ್ಟ.

ಈಗ ಕೋಡಿಯಾಕ್ ಫೋಟೋ ತೆಗೀರಿ. ಅದೇ ಮೂರು! ಮೊದಲ ಸಲ ನೋಡ್ದಾಗ ನಂಗೆ ಮೈ ಜುಮ್ ಅಂತು. ವಿಜ್ಞಾನಿಗಳೂ ಮಟ್ಟಸ ಪದರ, ಓರೆ ಪದರ ಸೇರೋ ಇದೇ ಸಂದು ಹಿಡ್ಕೊಂಡು ಜೆಝೆರೋ ಕೆರೆಯ ಮಟ್ಟ ಲೆಕ್ಕ ಹಾಕಿ 2021ರ ಅಕ್ಟೋಬರಲ್ಲಿ ಪ್ರಕಟಿಸಿದ್ರು.

ಆದ್ರೆ ಓರೆ ಪದರ ಕಂಡಲ್ಲೆಲ್ಲ ಕೆರೆ ಅನ್ಬೇಡಿ, ಗಾಳಿ ಕಟ್ಟಿದ ಮರಳು ದಿಬ್ಬದಲ್ಲೂ ಓರೆ ಇರುತ್ತೆ. ಕಾಳಿನ ಸೈಜ್ ನೋಡಿ, ಗಾಳಿ ತಂದ ಮರಳು ಸಾಮಾನ್ಯವಾಗಿ ಸಣ್ಣಗೆ ಒಂದೇ ಸಮ ಇರುತ್ತೆ, ತುಂಗಾ ಹೊಳೆಯಲ್ಲಿ ಸಿಗೋ ಥರ ಗುಂಡಗಿನ ಕಲ್ಲು ಪದರದೊಳಗೆ ಕೂತಿದ್ರೆ ನೀರಿನದ್ದೇ ಕೆಲಸ. ಹಾಗೇ ಬಣ್ಣ ನೋಡಿ ನಮ್ಮ ಜಂಬಿಟ್ಟಿಗೆ ಥರ ಅಂದ್ಕೋಬೇಡಿ. ಎರಡರ ಕೆಂಪಿಗೂ ಕಬ್ಬಿಣದ ತುಕ್ಕೇ ಕಾರಣ, ಆದ್ರೆ ಜಂಬಿಟ್ಟಿಗೆ ಆಗೋದು ಬಿಸಿಲು ಮಳೆ ಎರಡೂ ಸೇರಿ ಕಲ್ಲಿನ ಸಾರ ತೊಳ್ಕೊಂಡು ಹೋಗಿ ಕಬ್ಬಿಣ, ಅಲ್ಯೂಮಿನಿಯಂ ಉಳಿದಾಗ, ಮಂಗಳದಲ್ಲಿ ಬಹಳಷ್ಟು ಕಡೆ ಆ ಕೆಂಪು ಬರೀ ಮೇಲೆ ಕೂತ ಧೂಳು. ಅದಕ್ಕೇ ರೋವರ್ ಕಲ್ಲನ್ನ 5 ಸೆಂಮೀ ಅಗಲದಷ್ಟು ಉಜ್ಜಿ ಒಳಗೆ ನೋಡುತ್ತೆ. ಹತ್ತಿರದ ಕಲ್ಲಿನ ಫೋಟೋದಲ್ಲಿ ಆ ಉಜ್ಜಿದ ಗುಂಡು ಗುರುತು ಇದ್ರೆ ಅದನ್ನೇ ಅಳತೆಕೋಲು ಮಾಡ್ಕೊಳ್ಳಿ, ಅಲ್ಲಿ ಅಡಿಕೆ ಮರ ಇಲ್ಲ ಎತ್ತರ ಅಂದಾಜು ಮಾಡೋಕೆ.

ಕೊನೇಗೆ ಕೋಡಿಯಾಕ್ ಬಿಟ್ಟು ಅಲ್ಲೇ ಆ ನದಿ ಕೆರೆಗೆ ಸೇರ್ತಿದ್ದ ದೊಡ್ಡ ನದಿಮುಖದ ಧರೆಯ, ಅಂದ್ರೆ ಕಡಿದಾದ ಅಂಚಿನ, ಫೋಟೋಗಳಿಗೆ ಬನ್ನಿ, ಝೂಮ್ ಮಾಡಿ ಎಲ್ಲಕ್ಕಿಂತ ಮೇಲಿನ ಪದರ ನೋಡಿ. ಒಂದೂವರೆ ಮೀಟರ್‌ವರೆಗಿನ ಬಂಡೆಗಳು ಸಿಕ್ಕಾಕ್ಕೊಂಡಿವೆ. ಕೆಳಗಿನ ಮರಳು ತಂದ ನೀರಿಗೆ ಇಂಥವನ್ನ ಉರುಳಿಸೋ ಶಕ್ತಿ ಇರ್ಲಿಲ್ಲ. ಅಂದ್ರೆ ಕೆರೆ ತಣ್ಣಗೆ ತುಂಬ್ಕೊಂಡಿದ್ದ ಕಾಲ ಮುಗಿದ ಮೇಲೆ ಅಲ್ಲಿ ಪ್ರವಾಹ ಬಂದಿದೆ, ಜೋರು ಮಳೆಗೆ ನಮ್ಮ ಹಳ್ಳ ಕೆಂಪಾಗಿ ಕಲ್ಲು ಉರುಳಿಸ್ಕೊಂಡು ಬರುತ್ತಲ್ಲ, ಆ ಥರ.