ಗಸಿ ಕದಡದಂತೆ ವಿಂಟೇಜ್ ಪೋರ್ಟ್ ಬಗ್ಗಿಸುವುದು

ಬಾಟಲಿಯ ಮೇಲಿನ ಧೂಳು ಒರೆಸಬೇಡಿ. ಪೋರ್ಚುಗಲ್‌ನ ಪೋರ್ಟೊ ನಗರದ ರೆಸ್ಟೋರೆಂಟಿನಲ್ಲಿ ನಾನು ಕಲಿತ ಮೊದಲ ಪಾಠ ಇದು, ಅದೂ ತಪ್ಪು ಮಾಡಿಯೇ ಕಲಿತದ್ದು. ಕೆಲಸಕ್ಕೆ ಸೇರಿ ಮೂರನೇ ವಾರ. ನೆಲಮಾಳಿಗೆಯಿಂದ 1977ರ ವಿಂಟೇಜ್ ಪೋರ್ಟ್ ವೈನ್ ಒಂದನ್ನು ತರಲು ಹೇಳಿದರು. ಕುಂದಾಪುರದ ಹೋಟೆಲಿನಲ್ಲಿ ಲೋಟ ತೊಳೆದು ಬೆಳೆದವನು ನಾನು, ಗಿರಾಕಿಯ ಮುಂದೆ ಕೊಳಕು ಬಾಟಲಿ ಇಡುವುದುಂಟೇ? ಹಿಂದೆ ಮುಂದೆ ತಿರುಗಿಸಿ, ಒದ್ದೆ ಬಟ್ಟೆಯಲ್ಲಿ ಫಳಫಳ ಒರೆಸಿ ತಂದೆ. ಮೂವತ್ತು ವರ್ಷ ಒಳಗೆ ಸುಮ್ಮನೆ ಮಲಗಿದ್ದ ಗಸಿಯೆಲ್ಲ ಎದ್ದು ಕೂತಿತ್ತು. (ಮಂಗಳೂರು ಕಡೆಯವರಿಗೆ ಗಸಿ ಎಂದರೆ ಕೋಳಿಯೇ ನೆನಪಾದೀತು. ನಾನು ಹೇಳುತ್ತಿರುವುದು ತಳದಲ್ಲಿ ನಿಲ್ಲುವ ಮಡ್ಡಿ.) ನಮ್ಮ ಹಿರಿಯ ಸರ್ವರ್ ಬೈಯಲಿಲ್ಲ. ಬಾಟಲಿಯನ್ನು ಮೂಲೆಯಲ್ಲಿ ನೆಟ್ಟಗೆ ನಿಲ್ಲಿಸಿ, ಗಿರಾಕಿಗೆ ನಾಳೆ ಬನ್ನಿ ಎಂದರು. ಅವರು ಬಂದರು ಕೂಡ.

ಊರಲ್ಲಿ ಪೋರ್ಟ್ ವೈನ್ ಎಂದರೆ ಗೋವಾದಿಂದ ಬರುವ ಅಗ್ಗದ ಸಿಹಿ ವೈನ್. ಹೆಸರು ಒಂದೇ, ನೆಂಟಸ್ತಿಕೆ ಅಷ್ಟಕ್ಕಷ್ಟೆ. ಅಸಲಿ ಪೋರ್ಟ್ ಬರುವುದು ಪೋರ್ಚುಗಲ್‌ನ ಉತ್ತರದ ದೋರೊ ನದಿಯ ಕಣಿವೆಯಿಂದ. ಪದರ ಪದರವಾಗಿ ಸೀಳುವ ಕಲ್ಲಿನ ಗುಡ್ಡಗಳು, ಅವುಗಳಿಗೆ ಮೆಟ್ಟಿಲು ಕಡಿದು ಮಾಡಿದ ದ್ರಾಕ್ಷಿ ತೋಟಗಳು. ಯಾವ ನೆಲದ ದ್ರಾಕ್ಷಿಗೆ ಈ ಹೆಸರು ಸಲ್ಲಬೇಕು ಎಂದು 1756ರಲ್ಲೇ ಅಲ್ಲಿ ಗಡಿ ಗುರುತಿಸಿದ್ದಾರೆ. ತೂರಿಗಾ ನಾಸಿಯೊನಾಲ್, ತೂರಿಗಾ ಫ್ರಾಂಕಾದಂಥ ದ್ರಾಕ್ಷಿಗಳನ್ನು ಕಲ್ಲಿನ ತೊಟ್ಟಿಗೆ ಸುರಿದು, ಕೆಲವು ಕಡೆ ಇಂದಿಗೂ ಕಾಲಲ್ಲೇ ತುಳಿಯುತ್ತಾರೆ. ರಸ ಹುದುಗುತ್ತಿರುವಾಗ, ಅರ್ಧದಷ್ಟು ಸಕ್ಕರೆ ಇನ್ನೂ ಉಳಿದಿರುವಾಗಲೇ, ಶೇಕಡಾ 77ರ ದ್ರಾಕ್ಷಿ ಸಾರಾಯಿ ಬೆರೆಸುತ್ತಾರೆ. 435 ಲೀಟರ್ ರಸಕ್ಕೆ ಸುಮಾರು 115 ಲೀಟರ್ ಲೆಕ್ಕ. ಹುದುಗು ಅಲ್ಲಿಗೇ ಸಾಯುತ್ತದೆ, ಸಿಹಿ ಉಳಿಯುತ್ತದೆ, ಅಮಲು ಶೇಕಡಾ 20ರ ಹತ್ತಿರ ನಿಲ್ಲುತ್ತದೆ. ಮಾಮೂಲಿ ವೈನಿನ ಅಳತೆಯಲ್ಲಿ ಕುಡಿದವರು ಮರುದಿನ ನನ್ನನ್ನು ಬೈಯಬಾರದು.

ಟಾನಿ ಎಂಬ ಪೋರ್ಟನ್ನು ಮರದ ಪೀಪಾಯಿಯಲ್ಲಿ ಹತ್ತು, ಇಪ್ಪತ್ತು, ನಲವತ್ತು ವರ್ಷ ಇಟ್ಟು, ಮುದಿಯಾದ ಮೇಲೆ ನಿಮಗೆ ಮಾರುತ್ತಾರೆ. ಕಾಯುವ ಕೆಲಸ ಅವರದು. ವಿಂಟೇಜ್ ಹಾಗಲ್ಲ. ಒಂದೇ ವರ್ಷದ, ಚೆನ್ನಾಗಿ ಬಂದ ಬೆಳೆ. ಎರಡು ಮೂರು ವರ್ಷದೊಳಗೆ, ಸೋಸದೆ, ಕಪ್ಪಗೆ ಒರಟಾಗಿ ಇರುವಾಗಲೇ ಬಾಟಲಿಗೆ ತುಂಬಿ ಕೈಗಿಡುತ್ತಾರೆ. ಮುಂದಿನ ಇಪ್ಪತ್ತು ಮೂವತ್ತು ವರ್ಷ ಸಾಕುವವರು ನೀವು. ಆ ಅವಧಿಯಲ್ಲಿ ಬಣ್ಣ ಮತ್ತು ಒಗರು ಒಂದಕ್ಕೊಂದು ಅಂಟಿಕೊಂಡು ತಳಕ್ಕಿಳಿಯುತ್ತವೆ. ಅದೇ ಗಸಿ. ಎಲ್ಲ ವರ್ಷವೂ ವಿಂಟೇಜ್ ಘೋಷಿಸುವುದಿಲ್ಲ, ದಶಕಕ್ಕೆ ಸರಾಸರಿ ಮೂರು ಸಲ. 1963, 1977, 1994, 2011 ಇಲ್ಲಿನವರು ಬಾಯಿ ಚಪ್ಪರಿಸುವ ವರ್ಷಗಳು. 2016 ಮತ್ತು 2017ನ್ನು ಪೋರ್ಟ್ ಮಾಡುವ ಹೆಚ್ಚಿನ ಮನೆತನಗಳು ಬೆನ್ನು ಬೆನ್ನಿಗೆ ಘೋಷಿಸಿದಾಗ ನಮ್ಮ ಅಡುಗೆಮನೆಯಲ್ಲೂ ಅದೇ ಮಾತು.

ಈಗ ಬಾಟಲಿ ಬಿಚ್ಚುವ ವಿಷಯ.

ಕನಿಷ್ಠ ಒಂದು ದಿನ, ಸಾಧ್ಯವಾದರೆ ಎರಡು ದಿನ, ನೆಟ್ಟಗೆ ನಿಲ್ಲಿಸಿಡಿ. ಮಲಗಿಸಿಟ್ಟ ಬಾಟಲಿಯ ಮೇಲಿನ ಮಗ್ಗುಲಿಗೆ ಬಿಳಿ ಬಣ್ಣದ ಗುರುತು ಹಚ್ಚಿರುವುದುಂಟು. ಆ ಗುರುತಿದ್ದರೆ ಗಸಿ ಅದರ ಎದುರು ಮಗ್ಗುಲಲ್ಲಿ ಕೂತಿದೆ ಎಂದು ಅರ್ಥ. ಹಳೇ ಬಿರಡೆ ಹಳೇ ರಸ್ಕಿನ ಹಾಗೆ, ಸ್ಕ್ರೂ ಹಾಕಿದರೆ ಪುಡಿಪುಡಿ. ಎರಡು ತೆಳು ಅಲಗಿನ ಬಿರಡೆಗೀಳುಕ ಸಿಗುತ್ತದೆ, ಅಲಗುಗಳನ್ನು ಪಕ್ಕದಿಂದ ಇಳಿಸಿ ತಿರುಚುತ್ತಾ ಎಳೆಯಬೇಕು. ಕಾದು ಕೆಂಪಾದ ಇಕ್ಕಳದಿಂದ ಬಾಟಲಿಯ ಕತ್ತನ್ನು ಬಿರಡೆಯ ಕೆಳಗೆ ಹಿಡಿದು, ಆಮೇಲೆ ತಣ್ಣೀರಿನ ಬಟ್ಟೆ ತಾಗಿಸಿ ಕತ್ತನ್ನೇ ಹಾರಿಸುವ ವಿದ್ಯೆಯೂ ಇದೆ. ಪ್ರವಾಸಿಗಳ ಮುಂದೆ ನಾನೂ ಮಾಡಿದ್ದೇನೆ, ಮನೆಯಲ್ಲಿ ಮಾಡಬೇಡಿ. ಬಿರಡೆ ಪುಡಿಯಾದರೆ ಗಾಬರಿ ಬೇಡ, ತೆಳು ಮಲ್ ಬಟ್ಟೆಯಲ್ಲಿ ಸೋಸಿದರಾಯಿತು. ಬಟ್ಟೆಯಲ್ಲಿ ಸೋಪಿನ ವಾಸನೆ ಇರಬಾರದು ಅಷ್ಟೆ.

ಬಗ್ಗಿಸುವುದು ಒಂದೇ ಸಲ. ಬಾಟಲಿಯ ಕತ್ತಿನ ಹಿಂದೆ ಮೇಣದಬತ್ತಿಯೋ ಮೊಬೈಲ್ ಟಾರ್ಚೋ ಇರಲಿ. ಗಾಜಿನ ಹೂಜಿಗೆ ನಿಧಾನ, ನಡುವೆ ನಿಲ್ಲಿಸದೆ. ನಿಲ್ಲಿಸಿ ಮತ್ತೆ ಬಾಗಿಸಿದರೆ ಗಸಿ ಅಲೆಯಾಗಿ ಮೇಲೆದ್ದು ಬಂದುಬಿಡುತ್ತದೆ. ಕೊನೆಗೆ ಕತ್ತಿನಲ್ಲಿ ಹೊಗೆಯ ಎಳೆಯಂತೆ ಏನೋ ಸುಳಿಯುತ್ತದೆ. ಅಲ್ಲಿಗೆ ನಿಲ್ಲಿಸಿ.

ಗ್ಲಾಸು ಔಷಧಿ ಕುಡಿಯುವಷ್ಟು ಚಿಕ್ಕದಾದರೆ ವಾಸನೆಗೆ ಜಾಗವಿಲ್ಲ. ಸಾಧಾರಣ ವೈನ್ ಗ್ಲಾಸಿಗೆ ಮೂರನೇ ಒಂದು ಪಾಲು ಸಾಕು. ಬಿಸಿಯಿರಬಾರದು, 16ರಿಂದ 18 ಡಿಗ್ರಿ ಸರಿ. ನಮ್ಮೂರ ಸೆಕೆಯಲ್ಲಾದರೆ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ.

ಎಳೆಯ ವಿಂಟೇಜ್ ನೇರಳೆ ಹಣ್ಣಿನ ಬಣ್ಣ, ನೇರಳೆ ತಿಂದ ನಾಲಿಗೆಯದೇ ಒಗರು, ಹಿಂದೆ ಕಾಳುಮೆಣಸಿನ ಚುರುಕು. ನನಗೆ ಅದೂ ಇಷ್ಟ. ಆದರೆ ಐದಾರು ವರ್ಷ ಕಳೆದ ಮೇಲೆ ಅದು ಮುನಿಸಿಕೊಂಡ ಹುಡುಗನಂತೆ ಬಾಯಿ ಮುಚ್ಚಿಕೊಳ್ಳುತ್ತದೆ. ಆ ವಯಸ್ಸಿನಲ್ಲಿ ಬಿಚ್ಚಿದರೆ ದುಡ್ಡು ದಂಡ. ಇಪ್ಪತ್ತು ದಾಟಿದ್ದು ಅಂಚಿನಲ್ಲಿ ಇಟ್ಟಿಗೆ ಬಣ್ಣಕ್ಕೆ ತಿರುಗಿರುತ್ತದೆ. ಒಣ ಅಂಜೂರ, ಜೋನಿಬೆಲ್ಲ, ಹಳೇ ಮರದ ಪೆಟ್ಟಿಗೆ ತೆರೆದಾಗಿನ ವಾಸನೆ. ಒಗರು ಹೋಗಿರುವುದಿಲ್ಲ, ಮೆತ್ತಗಾಗಿರುತ್ತದೆ. ನುಂಗಿದ ಮೇಲೆ ಎಷ್ಟು ಹೊತ್ತು ಬಾಯಲ್ಲಿ ನಿಲ್ಲುತ್ತದೆ ನೋಡಿ, ನಾನು ಅಳೆಯುವುದು ಅದರಿಂದಲೇ. ಜೊತೆಗೆ ಅಕ್ರೋಟು, ನೀಲಿ ಬೂಷ್ಟಿನ ಚೀಸು. ಹೋಳಿಗೆ ಬೇಡ, ಸಿಹಿಯ ಮೇಲೆ ಸಿಹಿಯಾಗಿ ಎರಡೂ ಕೆಡುತ್ತವೆ.

ಹಳೆಯದನ್ನು ಅವತ್ತೇ ಮುಗಿಸಿ. ಎಳೆಯದು ಎರಡು ಮೂರು ದಿನ ತಾಳುತ್ತದೆ. ನಾಲ್ಕೇ ಜನರಿದ್ದು ಬಾಟಲಿ ಮುಗಿಯದು ಎನಿಸಿದರೆ ವಿಂಟೇಜ್ ಬಿಚ್ಚಲೇಬೇಡಿ. ಇಪ್ಪತ್ತು ವರ್ಷದ ಟಾನಿ ತನ್ನಿ, ತೆರೆದ ಮೇಲೂ ವಾರಗಟ್ಟಲೆ ಕೆಡದು.

ಊರಿಗೆ ಒಯ್ಯುವವರಿಗೆ ಒಂದು ಮಾತು. ಭಾವನಿಗೆ ನಾನು ಕೊಟ್ಟ ಬಾಟಲಿ ಎಂಟು ವರ್ಷ ಶೋಕೇಸಿನಲ್ಲಿ, ಗಣಪತಿಯ ಪಕ್ಕ, ಟ್ಯೂಬ್‌ಲೈಟಿನ ಕೆಳಗೆ ನಿಂತಿತ್ತು. ಬಿರಡೆ ಒಣಗಿ ಗಾಳಿಯಾಡಿತ್ತು, ಒಳಗಿನದು ಬೆಂದ ಒಣದ್ರಾಕ್ಷಿಯ ನೀರು. ಮಲಗಿಸಿ, ಕತ್ತಲಲ್ಲಿ, ತಂಪಲ್ಲಿ ಇಡಲು ಜಾಗವಿಲ್ಲದಿದ್ದರೆ ಆಗಲೇ ಮುದಿಯಾದದ್ದನ್ನೇ ಕೊಂಡು ಆ ವಾರದಲ್ಲೇ ಕುಡಿಯಿರಿ.

ತಳದಲ್ಲಿ ಉಳಿದ ಅರ್ಧ ಲೋಟದ ಗಸಿಯನ್ನು ನಾನು ಚೆಲ್ಲುವುದಿಲ್ಲ. ಮಲ್ ಬಟ್ಟೆಯಲ್ಲಿ ಸೋಸಿ, ಮರುದಿನ ಕುರಿಮಾಂಸದ ಗೊಜ್ಜಿಗೆ ಇಳಿಸುವ ಮುನ್ನ ಹಾಕುತ್ತೇನೆ. ಹೆಂಡತಿ ಕೇಳಿದರೆ ಹುಣಸೆಹುಳಿ ಎನ್ನುತ್ತೇನೆ. ಅವಳಿಗೆ ಗೊತ್ತು.