ಕಡುಕಪ್ಪು ಕೂದಲಿಗೂ 20 ವಾಲ್ಯೂಮ್ ಸಾಕು: ಮನೆಯಲ್ಲೇ ಬ್ಲೀಚ್ ಮಾಡಿದ ನನ್ನ ಅನುಭವ

ಬ್ಲೀಚ್ ಪುಡಿಗೆ ಕಲಸುವ ಪೆರಾಕ್ಸೈಡ್ ದ್ರವಕ್ಕೆ ಡೆವಲಪರ್ ಎನ್ನುತ್ತಾರೆ, ವಾಲ್ಯೂಮ್ ಅದರ ಬಲದ ಅಳತೆ. ಕಪ್ಪು ಕೂದಲು ತಿಳಿ ಹಳದಿಗೆ ಬರಬೇಕಾದರೆ 40 ವಾಲ್ಯೂಮ್ ಬೇಕೇ ಬೇಕು, ಮನೆಯಲ್ಲಿ ಅದೆಲ್ಲ ಆಗುವ ಮಾತಲ್ಲ ಎಂದವರೇ ಜಾಸ್ತಿ. 20ರಲ್ಲೇ ಆಯಿತು, ಭುಜ ದಾಟಿದ ಉದ್ದವೂ ಉಳಿಯಿತು. ಒಂದೇ ಕೂರುವಿಕೆಯಲ್ಲಿ ಅಲ್ಲ. ಎರಡು ಮೂರು ವಾರ ಬಿಟ್ಟು ಬಿಟ್ಟು, ಸುತ್ತು ಸುತ್ತಾಗಿ.

40 ಯಾಕೆ ಬೇಡ ಅನ್ನುತ್ತೇನೆಂದರೆ, ಅದರಲ್ಲಿರುವುದು 12% ಪೆರಾಕ್ಸೈಡ್, 20ರಲ್ಲಿ 6%. ಹೆಚ್ಚುವುದು ಮುಖ್ಯವಾಗಿ ವೇಗ. ತನ್ನ ತಲೆಗೆ ತಾನೇ ಹಚ್ಚಿಕೊಳ್ಳುವವರಿಗೆ ಹಿಂದಲೆ ಮುಗಿಯಲು ಅರ್ಧ ಗಂಟೆ ಬೇಕೇ ಬೇಕು. 40ರಲ್ಲಿ ಮೊದಲು ಹಚ್ಚಿದ ಭಾಗ ಬೆಂದು ಹೋಗಿರುತ್ತದೆ, ಕೊನೆಯದು ಇನ್ನೂ ಶುರುವೇ ಆಗಿರುವುದಿಲ್ಲ. ಪಟ್ಟೆ ಪಟ್ಟೆ ಬರುವುದು ಹೀಗೆ. ಕತ್ತರಿಸಿಟ್ಟ ಕೂದಲಿನ ಗೊಂಚಲಿಗೆ ಎರಡನ್ನೂ ಹಚ್ಚಿ ನೋಡಿದ್ದೇನೆ. 40ರದ್ದು ಬೇಗ ಕಿತ್ತಳೆ ದಾಟಿತು. ಆದರೆ ತೊಳೆದ ಮೇಲೆ ಒದ್ದೆ ಎಳೆಯನ್ನು ಹಿಡಿದು ಎಳೆದರೆ ಎಳೆದಷ್ಟೂ ಉದ್ದವಾಗಿ, ಹಿಂದೆ ಸರಿಯದೆ ತುಂಡಾಯಿತು. 20ರದ್ದು ಸ್ವಲ್ಪ ಹಿಗ್ಗಿ ತಿರುಗಿ ತನ್ನ ಉದ್ದಕ್ಕೆ ಬಂತು. ಪ್ರತಿ ಸುತ್ತಿಗೆ ಮೊದಲು ಈ ಪರೀಕ್ಷೆ ಮಾಡಿ. ಎಳೆ ಹಿಂದೆ ಸರಿಯದಿದ್ದರೆ ಆ ಸುತ್ತು ಮುಂದಕ್ಕೆ ಹಾಕಿ.

ಗೋರಂಟಿ ಅಥವಾ ಕಪ್ಪು ಡೈ ಹಚ್ಚಿದ ಇತಿಹಾಸವಿದ್ದರೆ ಮೊದಲು ಹತ್ತಿಪ್ಪತ್ತು ಎಳೆ ಕತ್ತರಿಸಿ ಪ್ಲಾಸ್ಟಿಕ್ ಬಟ್ಟಲಲ್ಲಿ ಬ್ಲೀಚ್ ಹಾಕಿ ನೋಡಿ. ಲೋಹದ ಲವಣ ಬೆರೆತ ಗೋರಂಟಿ ಪುಡಿಯಾಗಿದ್ದರೆ ಪೆರಾಕ್ಸೈಡ್ ತಾಗಿದೊಡನೆ ಬಿಸಿಯೇರುತ್ತದೆ, ನೊರೆಯಾಗಬಹುದು. ಹಾಗಾದರೆ ಆ ಕೂದಲು ಬೆಳೆದು ಕತ್ತರಿಸಿ ಹೋಗುವವರೆಗೆ ಬ್ಲೀಚ್ ಮಾತೇ ಬೇಡ. ಕಿವಿಯ ಹಿಂದೆ 48 ಗಂಟೆಯ ಅಲರ್ಜಿ ಪರೀಕ್ಷೆಯನ್ನೂ ಬಿಡಬೇಡಿ. ಬ್ಲೀಚ್ ಪುಡಿಯಲ್ಲಿರುವ ಪರ್ಸಲ್ಫೇಟ್ ಉಬ್ಬಸ ಇರುವವರಿಗೆ ಒಳ್ಳೆಯದಲ್ಲ. ಕಿಟಕಿ ತೆರೆದಿಡಿ, ಪುಡಿ ಹಾರಿಸಬೇಡಿ.

ಗಡಸು ನೀರಲ್ಲಿ ತಲೆ ತೊಳೆಯುವವರು ವಾರ ಮೊದಲೇ ಕೀಲೇಟಿಂಗ್ ಶಾಂಪೂ ಹಾಕಿ ಕೂದಲಿಗೆ ಹತ್ತಿದ ತಾಮ್ರ, ಕಬ್ಬಿಣ ತೆಗೆಯಬೇಕು. ಆಮೇಲೆ ಕೊನೆಯ ಎರಡು ದಿನ ತಲೆ ತೊಳೆಯಬಾರದು. ನೆತ್ತಿಯ ಜಿಡ್ಡೇ ಉರಿಯನ್ನು ತಡೆಯುವುದು. ಹಿಂದಿನ ರಾತ್ರಿ ಕೂದಲಿನ ಉದ್ದಕ್ಕೂ ಕೊಬ್ಬರಿ ಎಣ್ಣೆ ಹಚ್ಚಿ, ತೊಳೆಯದೆ ಅದರ ಮೇಲೆಯೇ ಬ್ಲೀಚ್ ಹಾಕುತ್ತೇನೆ. ಬಣ್ಣ ಬಿಡುವುದಕ್ಕೆ ಅಡ್ಡಿಯಾಗಿದ್ದನ್ನು ನಾನು ಕಂಡಿಲ್ಲ.

ಅಳತೆ ತೂಕದಲ್ಲೇ ಆಗಬೇಕು. ಚಮಚದ ಲೆಕ್ಕ ಪ್ರತಿ ಸಲ ಬೇರೆ ಬರುತ್ತದೆ, ಪುಡಿ ಒಮ್ಮೆ ಸಡಿಲ, ಒಮ್ಮೆ ಗಟ್ಟಿ. 1ಕ್ಕೆ 2: ಸುಮಾರು 50 ಗ್ರಾಂ ಪುಡಿಗೆ 100 ಗ್ರಾಂ ಡೆವಲಪರ್. ಬ್ರಷ್ ಎತ್ತಿದರೆ ತೊಟ್ಟಿಕ್ಕಬಾರದು. ಭುಜದುದ್ದದ ಮಧ್ಯಮ ದಪ್ಪದ ಕೂದಲಿಗೆ ಇಂಥ ಎರಡು ಮೂರು ಬಟ್ಟಲು ಹಿಡಿಯುತ್ತದೆ. ಎಲ್ಲವನ್ನೂ ಒಟ್ಟಿಗೆ ಕಲಸಿಟ್ಟರೆ ಕೊನೆಯ ಭಾಗಕ್ಕೆ ಬರುವಷ್ಟರಲ್ಲಿ ಸತ್ವ ಇಳಿದಿರುತ್ತದೆ. ಲೋಹದ ಪಾತ್ರೆ ಬೇಡ.

ಹಚ್ಚುವುದು ಹಿಂದಲೆಯಿಂದ. ಎಳೆಗಳನ್ನು ಎಷ್ಟು ತೆಳ್ಳಗೆ ಬಿಡಿಸಬೇಕೆಂದರೆ ಅದರಾಚೆ ನಿಮ್ಮ ಬೆರಳು ಕಾಣಬೇಕು. ಬುಡದಿಂದ ಒಂದೂವರೆ ಸೆಂಟಿಮೀಟರ್ ಬಿಟ್ಟು ಶುರು ಮಾಡಿ, ಎಲ್ಲ ಮುಗಿದ ಮೇಲೆ ಕೊನೆಗೆ ಬುಡ. ನೆತ್ತಿಯ ಶಾಖಕ್ಕೆ ಬುಡದಲ್ಲಿ ಕೆಲಸ ಬೇಗ ನಡೆಯುತ್ತದೆ. ಮೊದಲೇ ಹಚ್ಚಿದರೆ ಬುಡ ಹಳದಿ, ಉದ್ದ ಕಿತ್ತಳೆ. ಹಿಂದಲೆಯ ಗೆರೆ ನೇರ ಬರಲು ಎರಡು ಕನ್ನಡಿ ಇಟ್ಟುಕೊಂಡು ನಾನು ಮಾಡುವ ಒಂದು ಉಪಾಯವಿದೆ, ಅದು ಸದ್ಯಕ್ಕೆ ನನ್ನಲ್ಲೇ ಇರಲಿ. ಮಿಶ್ರಣ ಒಣಗಿದರೆ ಕೆಲಸ ನಿಲ್ಲುತ್ತದೆ, ಆದ್ದರಿಂದ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಸಡಿಲವಾಗಿ ಮುಚ್ಚಿ. ಹತ್ತು ನಿಮಿಷಕ್ಕೊಮ್ಮೆ ಒಂದು ಎಳೆ ಒರೆಸಿ ನೋಡಿ. ಪೊಟ್ಟಣದ ಮೇಲೆ ಬರೆದ ಗರಿಷ್ಠ ಸಮಯ, ಹೆಚ್ಚಿನವುಗಳಲ್ಲಿ 45 ನಿಮಿಷದ ಆಸುಪಾಸು, ದಾಟಬೇಡಿ. ಅದಕ್ಕೂ ಮೊದಲೇ ನೆತ್ತಿ ಉರಿಯತೊಡಗಿದರೆ ಆಗಲೇ ತೊಳೆದುಬಿಡಿ.

ಮೊದಲ ಸುತ್ತಿಗೆ ಕೆಂಪು ಕಿತ್ತಳೆ. ಗಾಬರಿಯಾಗಿ ಅದೇ ದಿನ ಮತ್ತೆ ಹಚ್ಚುವವರ ಕೂದಲೇ ಉದುರುವುದು. ಎರಡನೆಯದಕ್ಕೆ ಕಿತ್ತಳೆ ಹಳದಿ, ಆಮೇಲೆ ಬಾಳೆಹಣ್ಣಿನ ಸಿಪ್ಪೆಯ ಒಳಮೈ ಬಣ್ಣ. ಅಲ್ಲಿಗೆ ನಿಲ್ಲಿಸಿ. ಬಿಳಿ ಬಣ್ಣವನ್ನು ಬ್ಲೀಚಿನಲ್ಲೇ ತರಲು ಹೋದರೆ ಎಳೆ ಉಳಿಯುವುದಿಲ್ಲ, ಉಳಿದದ್ದು ಟೋನರ್, ಅಂದರೆ ಉಳಿದ ಹಳದಿ, ಕಿತ್ತಳೆ ಛಾಯೆಯನ್ನು ಅಡಗಿಸುವ ಬಣ್ಣದ ಕೆಲಸ. ಮುಂದಿನ ಸುತ್ತುಗಳಲ್ಲಿ ಬಣ್ಣ ಇನ್ನೂ ಗಾಢವಾಗಿ ಉಳಿದ ಕಡೆ ಮಾತ್ರ ಹಚ್ಚಿ.

ನಿಂಬೆರಸ ಹಚ್ಚಿ ಬಿಸಿಲಿಗೆ ಕೂರುವುದನ್ನೂ ಜೇನುತುಪ್ಪವನ್ನೂ ಅದೇ ಕತ್ತರಿಸಿದ ಗೊಂಚಲುಗಳ ಮೇಲೆ ನೋಡಿದೆ. ಕಪ್ಪು ಕೂದಲಿಗೆ ಎರಡೂ ದಂಡ. ನಿಂಬೆ ಒಣಗಿಸಿದ್ದಷ್ಟೇ ಬಂತು. ಉಪಯೋಗಕ್ಕೆ ಬಂದದ್ದು ಬ್ಲೀಚ್ ಶಾಂಪೂ: ಪುಡಿ, ಡೆವಲಪರ್, ಶಾಂಪೂ ಸಮಸಮ, ಒದ್ದೆ ಕೂದಲಿಗೆ, ಹತ್ತು ನಿಮಿಷದೊಳಗೆ ತೊಳೆಯುವುದು. ಕೊನೆಯ ಅರ್ಧ ಛಾಯೆಯಷ್ಟು ಬೇಕಿದ್ದಾಗ ಇದೇ ಸಾಕು.

ಟೋನರಿಗೆ 10 ವಾಲ್ಯೂಮ್ ಅಥವಾ ಇನ್ನೂ ಕಡಿಮೆ. ಹಳದಿಗೆ ನೇರಳೆ, ಕಿತ್ತಳೆಗೆ ನೀಲಿ. ಕಿತ್ತಳೆ ಕೂದಲಿಗೆ ನೇರಳೆ ಶಾಂಪೂ ಉಜ್ಜುತ್ತಾ ಕೂತರೆ ಬಾಟಲಿ ಖಾಲಿಯಾಗುತ್ತದೆ, ಬಣ್ಣ ಕದಲುವುದಿಲ್ಲ. ತುದಿಗಳು ಬೇಗ ಹೀರಿಕೊಂಡು ಬೂದು ಬಣ್ಣಕ್ಕೆ ತಿರುಗುವುದರಿಂದ ಅವಕ್ಕೆ ಕೊನೆಯ ಐದು ನಿಮಿಷ ಸಾಕು. ನಾನು ಎರಡು ಛಾಯೆ ಬೆರೆಸುತ್ತೇನೆ. ಪ್ರಮಾಣ ಹೇಳಲಾರೆ, ನೇರಳೆ ಕಡಿಮೆ ಎಂದಷ್ಟೇ ಹೇಳಬಲ್ಲೆ.

ದುಡ್ಡಿನ ಮಾತು. ಬ್ರಷ್, ಬಟ್ಟಲು, ಕೈಗವಸು ಅಗ್ಗದ್ದೇ ಇರಲಿ. ಪುಡಿಯಲ್ಲಿ ಮತ್ತು ಬಾಂಡ್ ರಿಪೇರಿಯಲ್ಲಿ (ಎಳೆಯೊಳಗೆ ಮುರಿದ ಕೊಂಡಿಗಳನ್ನು ಸರಿಪಡಿಸಲು ಹಚ್ಚುವುದು) ಜಿಪುಣತನ ಬೇಡ. ಪಟ್ಟೆ ಬಂದ ತಲೆಯನ್ನು ಸಲೂನಿನಲ್ಲಿ ಸರಿಪಡಿಸಲು ತಗಲುವ ಖರ್ಚಿನಲ್ಲಿ ಈ ಸಾಮಾನನ್ನೆಲ್ಲ ನಾಲ್ಕೈದು ಸಲ ಕೊಳ್ಳಬಹುದು. 40ರ ಬಾಟಲಿ ಈಗಾಗಲೇ ಕೊಂಡಿದ್ದರೆ ಎಸೆಯಬೇಡಿ. ಬೇಕಾದಷ್ಟನ್ನೇ ತೆಗೆದು, ಸಮತೂಕ ಡಿಸ್ಟಿಲ್ಡ್ ನೀರು ಬೆರೆಸಿ ಆಗಲೇ ಬಳಸಿದರೆ ಅದೇ 20. ಕ್ರೀಮ್ ತುಸು ತೆಳುವಾಗುತ್ತದೆ, ಅಷ್ಟೇ.

ಆಮೇಲಿನ ಆರೈಕೆಗೆ ಆಮ್ಲೀಯ ಕಂಡೀಷನರ್, ಪಿಎಚ್ 4ರಿಂದ 5ರೊಳಗಿನದು, ಮೊದಲ ತೊಳೆತದಿಂದಲೇ ಬೇಕು. ವಾರಕ್ಕೊಮ್ಮೆ ಬಾಂಡ್ ರಿಪೇರಿ. ಪ್ರೋಟೀನ್ ಮಾಸ್ಕ್ ಮೂರು ನಾಲ್ಕು ತೊಳೆತಕ್ಕೊಮ್ಮೆ ಸಾಕು, ಅತಿಯಾದರೆ ಕೂದಲು ಗಡುಸಾಗಿ ಪಟಪಟನೆ ಮುರಿಯುತ್ತದೆ. ಒದ್ದೆ ಎಳೆ ಮೆತ್ತಗೆ ಜಗ್ಗಿದರೆ ಪ್ರೋಟೀನ್, ಒಣ ಎಳೆ ಮುರಿದರೆ ತೇವ. ಬಿಸಿ ಇಸ್ತ್ರಿ 150 ಡಿಗ್ರಿಯ ಮೇಲೆ ಬೇಡ. ಈಜುಕೊಳಕ್ಕೆ ಇಳಿಯುವ ಮೊದಲು ಶುದ್ಧ ನೀರಲ್ಲಿ ತಲೆ ಪೂರ್ತಿ ನೆನೆಸಿ ಕಂಡೀಷನರ್ ಹಚ್ಚಿ, ಇಲ್ಲದಿದ್ದರೆ ಕೊಳದ ನೀರಿನ ತಾಮ್ರದಿಂದ ಕೂದಲಿಗೆ ಹಸಿರು ಹತ್ತುತ್ತದೆ.

ಬುಡ ಬೆಳೆದದ್ದನ್ನು ಒಂದೂವರೆ ಸೆಂಟಿಮೀಟರ್ ದಾಟುವ ಮೊದಲೇ, ಅಂದರೆ ಐದಾರು ವಾರದೊಳಗೆ ಹಿಡಿಯಿರಿ. ಆಚೆ ಹೋದರೆ ನೆತ್ತಿಯ ಶಾಖ ತಲುಪದೆ ನಡುವೆ ಕಿತ್ತಳೆ ಪಟ್ಟಿ ಉಳಿಯುತ್ತದೆ. ಹಳೆಯ ಬ್ಲೀಚಿನ ಮೇಲೆ ಹೊಸದು ಹತ್ತದಂತೆ ಅಂಚಿನ ಕೆಳಗೆ ದಪ್ಪಗೆ ಕಂಡೀಷನರ್ ಬಳಿದು, ಆಮೇಲೆ ಬ್ರಷ್ ಎತ್ತಿ.