ಕಾಯಿಲ್ ಸುಟ್ಟಿತ್ತು, ತಪ್ಪು ರಬ್ಬರಿನದ್ದು

ಎರಡು ವಾರದಲ್ಲಿ ಒಂದೇ ವಾಲ್ವಿನ ಮೂರು ಕಾಯಿಲ್ ಸುಟ್ಟವು. ಕಂಪ್ರೆಸ್ಡ್ ಏರ್ ಲೈನಿನಲ್ಲಿದ್ದ ಚಿಕ್ಕ ಸೊಲೆನಾಯ್ಡ್ ವಾಲ್ವ್ ಅದು, ಎಸಿ ಕರೆಂಟಿನ ಕಾಯಿಲಿನದ್ದು. ಕಾಯಿಲಿಗೆ ಕರೆಂಟ್ ಕೊಟ್ಟರೆ ಅದು ಅಯಸ್ಕಾಂತವಾಗಿ, ಒಳಗಿರುವ ಪ್ಲಂಜರ್ ಅನ್ನುವ ಲೋಹದ ತುಂಡನ್ನು ಎಳೆದು ದಾರಿ ತೆರೆಯುತ್ತದೆ. ಮೊದಲ ಸಲ ವೋಲ್ಟೇಜ್ ಏರುಪೇರು ಅಂದುಕೊಂಡೆವು. ಎರಡನೇ ಸಲ ಕಾಯಿಲ್ ಮಾಡಿದವರನ್ನು ಬೈದೆವು. ಮೂರನೇ ಸಲ ಸುಟ್ಟಾಗ ನಮ್ಮ ಫಿಟ್ಟರ್, "ಸಾರ್, ಒಂದ್ಸಲ ಬಿಚ್ಚಿ ನೋಡೋಣ್ವಾ?" ಅಂದರು. ನಾಚಿಕೆಯಾಯಿತು. ಅಲ್ಲಿಯವರೆಗೆ ವಾಲ್ವಿನ ಒಳಗಡೆ ಯಾರೂ ನೋಡಿರಲಿಲ್ಲ.

ಪ್ಲಂಜರಿನ ತುದಿಯಲ್ಲಿ ದಾರಿ ಮುಚ್ಚುವ ರಬ್ಬರ್ ಸೀಲ್ ನೆನೆದ ಕಡಲೆಯ ಹಾಗೆ ಉಬ್ಬಿತ್ತು. ಪಕ್ಕಕ್ಕೆ ಚಾಚಿಕೊಂಡು ಪ್ಲಂಜರನ್ನು ಅರ್ಧದಲ್ಲೇ ಹಿಡಿದು ನಿಲ್ಲಿಸಿತ್ತು. ಎಸಿ ಕಾಯಿಲಿನಲ್ಲಿ ಪ್ಲಂಜರ್ ಪೂರ್ತಿ ಮೇಲೆ ಹೋಗಿ ಕೂತರೆ ಮಾತ್ರ ಕರೆಂಟ್ ಇಳಿಯುತ್ತದೆ. ಅರ್ಧದಲ್ಲಿ ನಿಂತರೆ ಶುರುವಿನಲ್ಲಿ ಎಳೆಯುವ ಜಾಸ್ತಿ ಕರೆಂಟೇ ಹಾಗೆ ಹರಿಯುತ್ತಾ ಇರುತ್ತದೆ. ವಾಲ್ವ್ ಗುಂಯ್ ಅನ್ನುತ್ತದೆ, ಕಾಯಿಲ್ ಕಾಯುತ್ತದೆ, ಕೊನೆಗೆ ಸುಡುತ್ತದೆ.

ಸೀಲ್ ಯಾಕೆ ಉಬ್ಬಿತು? ಯಾರೋ ಬಿಸಿನೀರಿನ ವಾಲ್ವಿನ ಸ್ಪೇರ್ ಕಿಟ್ ತಂದು ಇದಕ್ಕೆ ಹಾಕಿದ್ದರು. ಅಳತೆ ಅದೇ, ಬಣ್ಣವೂ ಅದೇ ಕಪ್ಪು. ಆದರೆ ಅದು ಇಪಿಡಿಎಂ ಅನ್ನುವ ರಬ್ಬರ್. ಬಿಸಿನೀರಿಗೆ, ಗ್ಲೈಕಾಲಿಗೆ, ಕಾಸ್ಟಿಕ್ಕಿಗೆ (ಕಾಸ್ಟಿಕ್ ಸೋಡಾದಂಥ ಕ್ಷಾರಕ್ಕೆ) ಒಳ್ಳೆಯದು. ಮಿನರಲ್ ಆಯಿಲ್ ಮಾತ್ರ ಅದಕ್ಕೆ ಆಗಿಬರುವುದಿಲ್ಲ. ಲೈನಿನಲ್ಲಿರುವುದು ಬರೀ ಗಾಳಿ ಅಂತ ನಾವೆಲ್ಲ ಹೇಳುತ್ತಿದ್ದೆವು, ಕಂಪ್ರೆಸರಿನಿಂದ ಆ ಗಾಳಿಯ ಜೊತೆ ಸಣ್ಣಗೆ ಎಣ್ಣೆಯೂ ಬರುತ್ತದೆ ಅನ್ನುವುದನ್ನು ಮರೆತೇಬಿಟ್ಟಿದ್ದೆವು. ಅಲ್ಲಿರಬೇಕಾಗಿದ್ದದ್ದು ಎನ್‌ಬಿಆರ್, ಅಂದರೆ ನೈಟ್ರೈಲ್. ಅಗ್ಗದ್ದು, ಆದರೆ ಗಾಳಿ, ಎಣ್ಣೆ, ತಣ್ಣೀರು ಮೂರಕ್ಕೂ ಸಾಕು. 80-90 ಡಿಗ್ರಿ ಸೆಲ್ಸಿಯಸ್ ದಾಟಿದ ಕಡೆ ನಾನು ಅದನ್ನು ಹಾಕುವುದಿಲ್ಲ.

ಇದಾದ ಮೇಲೆ ನನ್ನ ಬುದ್ಧಿ ಇನ್ನೊಂದು ಕಡೆಗೆ ವಾಲಿತು. ಸುಮ್ನೆ ಎಲ್ಲ ಕಡೆ ಎಫ್‌ಕೆಎಂ ರಬ್ಬರ್ ಹಾಕಿಬಿಟ್ಟರೆ ತಲೆನೋವೇ ಇರಲ್ಲ ಅಲ್ವಾ ಅನ್ನಿಸಿತು. ವೈಟಾನ್ ಅಂತ ಎಲ್ಲರೂ ಕರೆಯುತ್ತಾರಲ್ಲ, ಅದೇ ಜಾತಿ. ಎಣ್ಣೆ, ಇಂಧನ, ಬಹಳಷ್ಟು ಆ್ಯಸಿಡ್, ಜಾಸ್ತಿ ಬಿಸಿ ಎಲ್ಲ ತಡೆಯುತ್ತದೆ. ದುಬಾರಿಯಾದದ್ದು ಎಲ್ಲದಕ್ಕೂ ಒಳ್ಳೆಯದೇ ಇರಬೇಕು ಅನ್ನುವ ಲೆಕ್ಕ ನನ್ನದು.

ಆ ಲೆಕ್ಕ ತಪ್ಪಿದ್ದು ಎಣ್ಣೆ ಬೆರೆತ ಉತ್ಪನ್ನದ ಟ್ಯಾಂಕಿನ ಲೈನಿನಲ್ಲಿ. ಉತ್ಪನ್ನದ ಮಟ್ಟಿಗೆ ಎಫ್‌ಕೆಎಂ ಸರಿಯಾಗಿಯೇ ಇತ್ತು. ಆದರೆ ವಾರಕ್ಕೊಮ್ಮೆ ಅದೇ ಲೈನನ್ನು 75 ಡಿಗ್ರಿಯ ಕಾಸ್ಟಿಕ್ ನೀರಿನಿಂದ ತೊಳೆಯುತ್ತಿದ್ದರು. ಅದನ್ನು ನಾನು ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ಕೆಲವು ತಿಂಗಳಲ್ಲಿ ಸೀಲ್ ಗಟ್ಟಿಯಾಗಿ, ಉಗುರಿನಿಂದ ಒತ್ತಿದರೆ ಬಿರುಕು ಬಿಡುವ ಹಾಗಾಯಿತು. ಸಾಮಾನ್ಯ ಎಫ್‌ಕೆಎಂಗೆ ಬಿಸಿ ಕಾಸ್ಟಿಕ್, ಸ್ಟೀಮ್, ಅಮೋನಿಯಾ, ಅಸಿಟೋನ್ ಇವು ಯಾವುವೂ ಆಗುವುದಿಲ್ಲ. ಇಪಿಡಿಎಂ ಹಾಕೋಣ ಅಂದರೆ ಕಾಸ್ಟಿಕ್ ತಡೆಯುತ್ತದೆ, ಎಣ್ಣೆಗೆ ಉಬ್ಬುತ್ತದೆ. ಎಫ್‌ಕೆಎಂ ಎಣ್ಣೆ ತಡೆಯುತ್ತದೆ, ಕಾಸ್ಟಿಕ್ಕಿಗೆ ಸಾಯುತ್ತದೆ. ಕೊನೆಗೆ ಪಿಟಿಎಫ್‌ಇ, ಅಂದರೆ ಟೆಫ್ಲಾನ್ ಸೀಲಿನ ವಾಲ್ವ್ ಹಾಕಿದೆವು.

ಪಿಟಿಎಫ್‌ಇಗೆ ರಾಸಾಯನಿಕದ ಭಯ ಬಹುತೇಕ ಇಲ್ಲ, ಆದರೆ ಅದು ರಬ್ಬರ್ ಅಲ್ಲ. ಒತ್ತಿದರೆ ಮತ್ತೆ ಮೇಲೇಳುವುದಿಲ್ಲ, ಒತ್ತಡದಲ್ಲಿ ನಿಧಾನವಾಗಿ ಆಕಾರ ಬಿಡುತ್ತದೆ. ಸೀಲ್ ಕೂರುವ ಸೀಟಿನ ಮೇಲೆ ಒಂದು ಸಣ್ಣ ಲೋಹದ ಚೂರು ಕೂತರೆ ರಬ್ಬರ್ ಅದನ್ನು ನುಂಗಿಕೊಂಡು ಮುಚ್ಚುತ್ತದೆ, ಪಿಟಿಎಫ್‌ಇ ಮುಚ್ಚುವುದಿಲ್ಲ, ಗೀರು ಬೀಳುತ್ತದೆ. ಹಾಗಾಗಿ ವಾಲ್ವಿಗೆ ಮೊದಲು ಚೂರು ಹಿಡಿಯುವ ಸ್ಟ್ರೇನರ್ ಇಲ್ಲದೆ ಅದನ್ನು ಹಾಕುವುದಿಲ್ಲ. ಹನಿಯೂ ಸೋರಬಾರದು ಅನ್ನುವ ಜಾಗಕ್ಕೆ ಎರಡು ಸಲ ಯೋಚಿಸುತ್ತೇನೆ.

ಸ್ಟೀಮಿನ ವಿಷಯದಲ್ಲಿ ನಾನು ಪ್ರೆಶರ್ ಗೇಜ್ ನೋಡಿ ಮೊದಲು ಬಿಸಿಯ ಲೆಕ್ಕ ಹಾಕುತ್ತೇನೆ. ಗೇಜಿನಲ್ಲಿ 3 ಬಾರ್ ಅಂದರೆ ಸುಮಾರು 144 ಡಿಗ್ರಿ, 5 ಬಾರ್ ಅಂದರೆ ಸುಮಾರು 159. ಇಪಿಡಿಎಂ 3 ಬಾರ್ ಹತ್ತಿರಕ್ಕೇ ಸುಸ್ತಾಗುತ್ತದೆ, ಅದರ ಮೇಲೆ ಪಿಟಿಎಫ್‌ಇ. ಕಾಯಿಲನ್ನೂ ಮರೆಯಬಾರದು. ದಿನವಿಡೀ ಆನ್ ಇರುವ ಕಾಯಿಲ್ ತಾನೇ ಬಿಸಿಯಾಗಿ ಪ್ಲಂಜರಿನ ಸೀಲನ್ನೂ ಬಿಸಿ ಮಾಡುತ್ತದೆ. ಲೈನಿನಲ್ಲಿ 70 ಡಿಗ್ರಿ ಇದ್ದರೆ ಸೀಲಿನ ಹತ್ತಿರವೂ 70 ಅಂತ ಲೆಕ್ಕ ಹಾಕಿದರೆ ಮೋಸಹೋಗುತ್ತೀರಿ.

ಇನ್ನು ಬಾಡಿ, ಅಂದರೆ ವಾಲ್ವಿನ ಹೊರಮೈ. ಗಾಳಿ, ಎಣ್ಣೆ, ಸಾಧಾರಣ ನೀರಿಗೆ ಹಿತ್ತಾಳೆ ಸಾಕು, ಅಲ್ಲಿ ಸ್ಟೇನ್‌ಲೆಸ್ ಹಾಕುವುದು ದುಡ್ಡು ದಂಡ. ಅಮೋನಿಯಾ ಇರುವ ಕಡೆ ಹಿತ್ತಾಳೆ ಬೇಡವೇ ಬೇಡ, ಬಿರುಕು ಬಿಡುತ್ತದೆ. ಕ್ಲೋರೈಡ್ ಜಾಸ್ತಿ ಇರುವ ನೀರು ಹಿತ್ತಾಳೆಯಿಂದ ಸತುವನ್ನು ಎಳೆದುಕೊಳ್ಳುತ್ತದೆ. ಆಮೇಲೆ ಉಳಿಯುವುದು ಸ್ಪಂಜಿನಂಥ ಕೆಂಪು ತಾಮ್ರ, ಹೊರಗಿನಿಂದ ನೋಡಿದರೆ ಗೊತ್ತೇ ಆಗುವುದಿಲ್ಲ. ಡಿಮಿನರಲೈಸ್ಡ್ (ಖನಿಜ ತೆಗೆದ) ನೀರಿಗೂ ನಾನು ಹಿತ್ತಾಳೆ ಕೊಡುವುದಿಲ್ಲ. ಲೋಹ ಕರಗಿ ನೀರಿಗೆ ಸೇರುತ್ತದೆ, ಮತ್ತೆ ಅಷ್ಟು ಕಷ್ಟಪಟ್ಟು ನೀರು ಶುದ್ಧ ಮಾಡಿ ಏನು ಬಂತು?

ಉಪ್ಪುನೀರಿನ ಲೈನಿಗೆ 316 ಸ್ಟೇನ್‌ಲೆಸ್ ಬಾಡಿ ತರಿಸಿದ್ದೆ. ಸಾಮಾನ್ಯ 304 ಸ್ಟೇನ್‌ಲೆಸ್ಸಿನಲ್ಲಿ ಇಲ್ಲದ ಮಾಲಿಬ್ಡಿನಂ ಅದರಲ್ಲಿದೆ, ಕ್ಲೋರೈಡಿಗೆ ಪರವಾಗಿಲ್ಲ ಅಂತ ಧೈರ್ಯ. ನಾಲ್ಕು ತಿಂಗಳಿಗೆ ವಾಲ್ವ್ ಅಂಟಿಕೊಂಡಿತು. ಬಿಚ್ಚಿದರೆ ಬಾಡಿ ಫಳಫಳ, ಪ್ಲಂಜರ್ ಮಾತ್ರ ಗುಳಿಗುಳಿಯಾಗಿ ತುಕ್ಕು ಹಿಡಿದಿದೆ! ಕಾರಣ ಸಿಂಪಲ್. ಪ್ಲಂಜರನ್ನು ಕಾಯಿಲ್ ಎಳೆಯಬೇಕಾದರೆ ಅದು ಅಯಸ್ಕಾಂತಕ್ಕೆ ಅಂಟುವ ಲೋಹವೇ ಆಗಿರಬೇಕು, 316 ಹಾಗೆ ಅಂಟುವುದಿಲ್ಲ. ಅದಕ್ಕೆ ಅಲ್ಲಿ ಹೆಚ್ಚಾಗಿ 430 ಜಾತಿಯ ಸ್ಟೀಲ್ ಇರುತ್ತದೆ, ಉಪ್ಪಿನ ಮುಂದೆ ಅದು ಬಡಪಾಯಿ. ಎಸಿ ವಾಲ್ವಿನಲ್ಲಿ ಗುಂಯ್ ಶಬ್ದ ತಡೆಯಲು ಹಾಕುವ ಶೇಡಿಂಗ್ ರಿಂಗ್ ಬಹಳ ಸಲ ತಾಮ್ರದ್ದು, ನಮ್ಮದು ಹಸಿರಾಗಿತ್ತು. ಕ್ಯಾಟಲಾಗಿನ ಮುಖಪುಟದಲ್ಲಿ ದೊಡ್ಡದಾಗಿ ಬರೆಯುವುದು ಬಾಡಿಯ ಲೋಹ ಒಂದೇ. ಈಗ ನಾನು ಪ್ಲಂಜರ್, ಸ್ಪ್ರಿಂಗ್, ಶೇಡಿಂಗ್ ರಿಂಗ್ ಮೂರರದ್ದೂ ಬರೆದುಕೊಡಿ ಅಂತ ಕೇಳುತ್ತೇನೆ. ಕೊಡದಿದ್ದರೆ ಆರ್ಡರ್ ಇಲ್ಲ.

ಆ ಜಾಗಕ್ಕೆ ಕೊನೆಗೆ ಹಾಕಿದ್ದು ಪಿವಿಸಿ ಬಾಡಿಯ, ನಡುವೆ ಡಯಾಫ್ರಾಮ್ ಅನ್ನುವ ಪೊರೆ ಇಟ್ಟು ದ್ರವವನ್ನು ಪ್ಲಂಜರಿನಿಂದ ಬೇರೆ ಮಾಡಿರುವ ವಾಲ್ವ್. ಲೋಹಕ್ಕೆ ಉಪ್ಪುನೀರು ಮುಟ್ಟುವುದೇ ಇಲ್ಲ. ಹೈಡ್ರೋಕ್ಲೋರಿಕ್ ಆ್ಯಸಿಡಿಗೂ ನನ್ನ ಉತ್ತರ ಇದೇ ಜಾತಿಯ ವಾಲ್ವ್, ಅದರ ಮುಂದೆ 316 ಕೂಡ ನಿಲ್ಲುವುದಿಲ್ಲ. ಆದರೆ ಪಿವಿಸಿಗೆ 60 ಡಿಗ್ರಿಯೇ ಗಡಿ, ಅದಕ್ಕೆ ಮೊದಲೇ ಒತ್ತಡ ತಡೆಯುವ ಶಕ್ತಿ ಇಳಿಯುತ್ತಾ ಬರುತ್ತದೆ.

ಹೊಸ ದ್ರವ ಬಂದಾಗ, ಯಾವ ದ್ರವಕ್ಕೆ ಯಾವ ರಬ್ಬರ್ ಅಂತ ತೋರಿಸುವ ಚಾರ್ಟ್ ನೋಡಿ ಅಷ್ಟಕ್ಕೇ ಬಿಡುವುದಿಲ್ಲ. ನಾಲ್ಕೈದು ರಬ್ಬರಿನ ಓ-ರಿಂಗ್‌ಗಳನ್ನು ತೂಗಿ, ಅಳೆದು, ಅದೇ ದ್ರವದಲ್ಲಿ, ಸಾಧ್ಯವಾದರೆ ಅದೇ ಬಿಸಿಯಲ್ಲಿ, ಏಳು ದಿನ ಮುಚ್ಚಿಡುತ್ತೇನೆ. ತೊಳೆಯುವ ದ್ರವದಲ್ಲಿ ಬೇರೆ ಒಂದು ಸೆಟ್. ಹೊರತೆಗೆದು ಮತ್ತೆ ತೂಕ, ಅಳತೆ. ಚಾರ್ಟಿನಲ್ಲಿ ಪಾಸಾದದ್ದು ಇಲ್ಲಿ ಫೇಲಾಗುವುದುಂಟು, ಯಾಕೆಂದರೆ ಒಂದೇ ಹೆಸರಿನ ರಬ್ಬರ್ ಮಾಡುವವರಿಂದ ಮಾಡುವವರಿಗೆ ಬೇರೆ ಇರುತ್ತದೆ.

ಸ್ಟೋರ್ಸಿನಲ್ಲಿ ಕಿಟ್ ಬಂದ ದಿನವೇ ಕವರ್ ಮೇಲೆ ರಬ್ಬರಿನ ಹೆಸರು ಬರೆಯಿಸುತ್ತೇನೆ. ಕವರ್ ಹರಿದು ಹೆಸರು ಕಳೆದುಹೋದರೆ ತಕ್ಕಡಿ ಸ್ವಲ್ಪ ಸಹಾಯ ಮಾಡುತ್ತದೆ. ಒಂದೇ ಅಳತೆಯ ಎಫ್‌ಕೆಎಂ ರಿಂಗ್ ಉಳಿದವಕ್ಕಿಂತ ಸುಮಾರು ಒಂದೂವರೆ ಪಟ್ಟು ತೂಗುತ್ತದೆ. ಎನ್‌ಬಿಆರ್ ಮತ್ತು ಇಪಿಡಿಎಂ ಹಾಗೆ ಗೊತ್ತಾಗುವುದಿಲ್ಲ. ಅವೆರಡನ್ನು ಒಂದು ಲೋಟ ಕಂಪ್ರೆಸರ್ ಆಯಿಲಿನಲ್ಲಿ ಬಿಟ್ಟು ಕೆಲವು ದಿನ ಕಾಯುತ್ತೇನೆ, ಉಬ್ಬಿದ್ದು ಇಪಿಡಿಎಂ.